ಅತ್ತಿ, ಸೊಸಿ ಮತ್ತು ನಮ್ಮ ಕಂಪ್ಯೂಟರ್

ನಾನು ಲೆಕ್ಕದ ಮಾಸ್ತರ. ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕೇ ಬರಬೇಕೆನ್ನುವ ಮನುಷ್ಯ. ಆದರೆ ಯಲಬುರ್ಗಾದ ನಮ್ಮ ಶಾಲೆಗೆ ಕಂಪ್ಯೂಟರ್ ಬಂದ ಮೇಲೆ ನಾನು ಏನೇ ಕೂಡಿಸಿದರೂ ಊರಿಗೆ ಬೇರೆಯೇ ಉತ್ತರ ಕಾಣುತ್ತಿತ್ತು.

ಚಪ್ಪಲಿ

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಂಪ್ಯೂಟರ್ ಕೊಪ್ಪಳದಿಂದ ಬಸ್ಸಿನ ಸೀಟಿನ ಮೇಲೆ ಕೂತು ಬಂತು; ಅದನ್ನು ತಂದ ಜವಾನ ನಿಂತು ಬಂದ. ಎರೆಮಣ್ಣಿನ ಧೂಳು ತಾಗಬಾರದೆಂದು ಹೆಡ್ ಮಾಸ್ತರರು ಆ ಕೋಣೆಯ ಹೊರಗೇ ಚಪ್ಪಲಿ ಬಿಡಿಸಿದರು. ಚಪ್ಪಲಿ ಬಿಟ್ಟ ಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಮರುದಿನ ಬಾಗಿಲಲ್ಲಿ ಎರಡು ತೆಂಗಿನಕಾಯಿ.

"ಯಾರು ಇಟ್ಟಾರೋ?" ಎಂದು ಜವಾನನನ್ನು ಗದರಿಸಿದೆ.

"ಒಂದು ನಾ ಇಟ್ಟೀನ್ರಿ ಸರ. ಇನ್ನೊಂದು ಹೆಡ್ ಮಾಸ್ತರ್ ಇಟ್ಟಾರ."

ಖರೇ ಮಾತು

ಅಷ್ಟರಲ್ಲಿ ಸುದ್ದಿ ಬಂತು: ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುತ್ತಾರೆ, ಬಳಸದೆ ಇಟ್ಟ ಕಂಪ್ಯೂಟರ್ ಗಂಗಾವತಿಯ ಶಾಲೆಗೆ ಹೋಗುತ್ತದೆ.

"ಇದು ಹೋತಂದ್ರ ಊರಾಗ ಮಾರಿ ತೋರ್ಸಂಗಿಲ್ರಿ. ಏನರ ಮಾಡ್ರಿ" ಎಂದರು ಹೆಡ್ ಮಾಸ್ತರರು.

ನಾನೊಂದು ಪುಟ್ಟ ಪ್ರೋಗ್ರಾಂ ಬರೆದೆ. ಎರಡು ಪದ ಕೊಟ್ಟರೆ ಅವುಗಳ ಕಟ್ಟು ಒಂದೇ ತರಹವೋ ಎಂದು ಅದು ನೋಡುತ್ತಿತ್ತು. ಮೊದಲ ಪದದ ಪ್ರತಿ ಅಕ್ಷರಕ್ಕೂ ಎರಡನೆಯದರಲ್ಲಿ ಒಂದೇ ಜೋಡಿ; ನಡುವೆ ಜೋಡಿ ಬದಲಿಸುವಂತಿಲ್ಲ, ಒಂದೇ ಜೋಡಿಯನ್ನು ಇಬ್ಬರು ಹಂಚಿಕೊಳ್ಳುವಂತೆಯೂ ಇಲ್ಲ. ಪರೀಕ್ಷೆಗೆಂದು ಮನೆಯ ಪದಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದೆ. ಅಕ್ಕ, ಅಣ್ಣ: ಯೆಸ್. ಕಾಕಾ, ಮಾಮಾ: ಯೆಸ್. ಅತ್ತಿ, ಸೊಸಿ: ನೋ. ಅತ್ತಿಯಲ್ಲಿ ಎರಡು ಸಲ ಬರುವ ಟಿ ಅಕ್ಷರಕ್ಕೆ ಒಮ್ಮೆ ಓ, ಒಮ್ಮೆ ಎಸ್ ಗಂಟು ಬೀಳುತ್ತಿತ್ತು.

ಹಿಂದೆ ನಿಂತಿದ್ದ ಹೆಡ್ ಮಾಸ್ತರರು ಬೆರಗಾದರು. "ಖರೇನ ಹೇಳ್ತೈತಲ್ರಿ ಇದು."

"ಸರ, ಇದಕ್ಕ ಸಂಬಂಧ ಗೊತ್ತಿಲ್ರಿ. ಬರೇ ಅಕ್ಷರ ನೋಡ್ತೈತಿ."

"ಎಲ್ಲಿ ಅಕ್ಷರರಿ? ನಮ್ಮನಿಗೆ ಬಂದು ನೋಡಿದಂಗ ಹೇಳ್ತೈತಿ."

ಬೀಗರು

ಹೆಡ್ ಮಾಸ್ತರರ ಬಾಯಿ ಸುಮ್ಮನಿರಲಿಲ್ಲ. ಒಂದು ದಿನ ಕುಷ್ಟಗಿಯ ಅರಿವೆ ವ್ಯಾಪಾರಿಯೊಬ್ಬರು ಮಗಳ ಸಂಬಂಧ ಹಿಡಿದುಕೊಂಡು ಬಂದರು. ನನಗೆ ಸಿಟ್ಟು ಬಂತು. ಹುಡುಗ ಹುಡುಗಿಯ ಹೆಸರು ಹಾಕಿ ಕೂಡಾವಳಿ ನೋಡುವ ಮಷೀನ್ ಇದಲ್ಲ ಎಂದೆ.

"ಅವ್ರದು ಬ್ಯಾಡ ಬಿಡ್ರಿ, ಹೆಂಗರ ಹೊಂದ್ಕೊಂತಾರ" ಎಂದರು ಅವರು. "ನನ್ನ ಹೆಸರು, ಬೀಗರ ಹೆಸರು ಹಾಕಿ ನೋಡ್ರಿ."

ತಪಾಸಣೆ

ಸಾಹೇಬರು ಬಂದ ದಿನ ಜೀಪಿನಿಂದ ಅವರ ತಾಯಿ ಮತ್ತು ಹೆಂಡತಿಯೂ ಇಳಿದರು. ದೇವರಿಗೆ ಹೊರಟಿದ್ದರಂತೆ. ಒಬ್ಬರು ಮೂಡಣಕ್ಕೆ ಮುಖ ಮಾಡಿದರೆ ಇನ್ನೊಬ್ಬರು ಪಡುವಣಕ್ಕೆ. ನೋಡಿದ ಕೂಡಲೇ ನನಗೆ ಅರ್ಥವಾಯಿತು, ಹೆಡ್ ಮಾಸ್ತರರಿಗೆ ಆಗಲಿಲ್ಲ.

ನಾನು ಅಕ್ಕ, ಅಣ್ಣ ಒತ್ತಲು ಕೂತರೆ, "ತಡೀರಿ, ನಮ್ಮ ಛಲೋದು ತೋರಸ್ತೀನಿ" ಎಂದು ಹೆಡ್ ಮಾಸ್ತರರು ನನ್ನನ್ನು ಸರಿಸಿ ಒಂದೇ ಬೆರಳಲ್ಲಿ ಅತ್ತಿ, ಸೊಸಿ ಒತ್ತತೊಡಗಿದರು. ಅವರ ಬರಿಗಾಲು ತುಳಿದೆ. ಅವಸರ ಮಾಡುತ್ತಿದ್ದೇನೆ ಎಂದುಕೊಂಡು ಇನ್ನೂ ಬಿರುಸಾಗಿ ಒತ್ತಿದರು.

ನೋ ಎಂದು ಮೂಡಿತು.

"ಏನು ಬಂತು?" ಎಂದು ಇಂಗ್ಲಿಷ್ ಓದಲು ಬಾರದ ತಾಯಿ ಸೊಸೆಯನ್ನೇ ಕೇಳಬೇಕಾಯಿತು.

"ಅತ್ತಿ ಸೊಸಿ ಹೊಂದೂದಿಲ್ಲಂತ ಬಂತ್ರಿ."

ತಾಯಿ ಹೆಡ್ ಮಾಸ್ತರರ ಕಡೆ ತಿರುಗಿದರು. "ನಮ್ಮನಿ ಸುದ್ದಿ ಇದಕ್ಕ ಯಾರು ಹೇಳ್ಯಾರ? ನನ್ನ ಸೊಸಿ ಬಂಗಾರದಂಥಾಕಿ."

"ನಮ್ಮತ್ತಿ ಒಮ್ಮೆರ ನನಗ ಜೋರು ಮಾಡ್ಯಾರೇನು, ಕೇಳ್ರಿ ಅದನ್ನ" ಎಂದರು ಸೊಸೆ. "ಬರ್ರಿ ಅತ್ತಿ, ಇಂಥಲ್ಲಿ ನಿಂದ್ರೂದ ಬ್ಯಾಡ."

ಇಬ್ಬರೂ ಕೈ ಹಿಡಿದುಕೊಂಡು ಹೋಗಿ ಜೀಪಿನಲ್ಲಿ ಒತ್ತಿ ಕೂತರು. ಹೆಡ್ ಮಾಸ್ತರರ ಮುಖ ಬಿಳಿಚಿತು. ಕಂಪ್ಯೂಟರ್ ಗಂಗಾವತಿಗೆ ಹೋದಂತೆಯೇ ಎಂದು ನಾನೂ ಆಸೆ ಬಿಟ್ಟೆ.

ಸಾಹೇಬರು ಬಾಗಿಲಲ್ಲಿ ನಿಂತು ಜೀಪನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಹೆಡ್ ಮಾಸ್ತರರ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಮಷೀನು ಇಲ್ಲೇ ಇರಲಿ. ರಿಪೇರಿ ಗಿಪೇರಿ ಮಾಡಾಕ ಹೋಗಬ್ಯಾಡ್ರಿ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಇಬ್ಬರನ್ನೂ ಕರ್ಕೊಂಡು ಬರ್ತೀನಿ."