ಹೊರಟವರು ಮುಟ್ಟುವ ತನಕ

ಸೋಮಾರಿಗೆ ಶಾಸ್ತ್ರದಷ್ಟು ಒಳ್ಳೆಯ ಗೆಳೆಯ ಇನ್ನೊಬ್ಬನಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ. ಮನೆಯಿಂದ ಯಾರಾದರೂ ಹೊರಟರೆ, ಅವರು ಹೋಗಿ ಮುಟ್ಟುವ ತನಕ ನೆಲ ಒರೆಸಬಾರದು ಎಂಬುದು ನಮ್ಮಮ್ಮನ ಕಟ್ಟಪ್ಪಣೆ. ಜೀವನ್ ಬಿಮಾ ನಗರದ ನಮ್ಮ ಬಾಡಿಗೆ ಮನೆಯಿಂದ ಹೆಂಡತಿ ಸುಮಾ ಎಂಟಕ್ಕೆ ಆಫೀಸಿಗೆ ಹೊರಡುತ್ತಿದ್ದಳು. ನನಗೆ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟ್, ಅಮ್ಮನಿಗೆ ಮಂಡಿನೋವು. ಹಾಗಾಗಿ ನೆಲ ನನ್ನ ಪಾಲಿಗೆ. ಈಗಷ್ಟೇ ಹೋದಳಲ್ಲಮ್ಮ, ಹೇಗೆ ಒರೆಸಲಿ ಎಂದು ನಾನು ಪೇಪರ್ ಬಿಡಿಸಿಕೊಂಡು ಕೂರುತ್ತಿದ್ದೆ. ಅವಳು ಮುಟ್ಟಿ, ನಾನು ಪೇಪರ್ ಮುಗಿಸಿ, ಒಂದು ನಿದ್ದೆ ತೆಗೆದು ಏಳುವ ಹೊತ್ತಿಗೆ ಶಿಫ್ಟಿಗೆ ಹೊರಡುವ ಹೊತ್ತಾಗುತ್ತಿತ್ತು.

ಅಪರೂಪಕ್ಕೆ ಒರೆಸಿದರೂ ಒಂದೇ ಬಕೆಟ್ ನೀರು, ಬಚ್ಚಲ ಬಾಗಿಲಲ್ಲಿ ಶುರುವಾಗಿ ಅಡುಗೆಮನೆಯಲ್ಲಿ ಮುಕ್ತಾಯ. ಫಿನಾಯಿಲ್ ಮೂಗಿಗೆ ಹೊಡೆದರೆ ಮನೆ ಸ್ವಚ್ಛ ಎಂದೇ ನನ್ನ ಎಣಿಕೆ. ನೀನು ಕೊಳೆ ತೆಗೆಯೋದಿಲ್ಲ, ಎಲ್ಲ ಕೋಣೆಗೂ ಸಮನಾಗಿ ಹಂಚ್ತೀಯ ಎಂದು ಅಮ್ಮ ಗೊಣಗುತ್ತಿದ್ದರು.

ಹೀಗೇ ನಡೆದುಹೋಗುತ್ತಿತ್ತೇನೋ, ಅಷ್ಟರಲ್ಲಿ ಮಗಳು ಅಂಬೆಗಾಲಿಡತೊಡಗಿದಳು. ನೆಲದ ಮೇಲೆ ಸಿಕ್ಕಿದ್ದೆಲ್ಲ ಬಾಯಿಗೆ. ವಾರದೊಳಗೆ ಭೇದಿ ಹತ್ತಿ ಕೂಸು ಬಾಡಿಹೋಯಿತು. ಹಲಸೂರಿನ ಡಾಕ್ಟರಮ್ಮ ಔಷಧಿ ಬರೆದು, ಮಗುವಿನ ಅಂಗೈ ತಿರುಗಿಸಿ ನೋಡಿ, ಮನೇಲಿ ನೆಲ ಒರೆಸೋದು ಯಾರು ಎಂದು ಕೇಳಿದರು. ಸುಮಾ ನನ್ನನ್ನು ನೋಡಿದಳು. ನಾನು ಗೋಡೆಯನ್ನು ನೋಡಿದೆ.

ಮಗು ಚೇತರಿಸಿಕೊಂಡ ಮೇಲೆ ಅಮ್ಮ ಕುರ್ಚಿಯಲ್ಲಿ ಕೂತು ಪಾಠ ಮಾಡಿದರು. ಮೊದಲು ಗುಡಿಸಬೇಕು, ಸೋಪಿನ ನೀರಲ್ಲೊಮ್ಮೆ, ಬರೀ ನೀರಲ್ಲೊಮ್ಮೆ ಒರೆಸಬೇಕು, ಕೋಣೆಗೊಂದು ಸಲ ನೀರು ಬದಲಿಸಬೇಕು. ಬಚ್ಚಲು ಕೊನೆಗೆ. ಬಟ್ಟೆಯನ್ನು ಮೂಲೆಗೆಸೆಯದೆ ಬಿಸಿಲಿಗೆ ಹಾಕಬೇಕು. ನಾನು ಕಲಿತೆ. ಅಷ್ಟರಲ್ಲಿ ಅಮ್ಮ ತಮ್ಮ ತಂಗಿಯನ್ನು ನೋಡಲು ದಾವಣಗೆರೆಗೆ ಹೊರಟರು. ಮಗುವಿಗಾಗಿ ನಾನು ರಜೆ ಹಾಕಿದೆ. ಗೇಟಿನ ಹತ್ತಿರ ಅವರು ನನ್ನ ಕೈ ಹಿಡಿದುಕೊಂಡರು.

"ನಾನು ಹೋದ ತಕ್ಷಣ ಒರೆಸಿಬಿಡು. ನಾನು ಹೆಂಗೋ ಮುಟ್ತೀನಿ. ಕೂಸು ಕಾಯಲ್ಲ."

ಆಟೋ ತಿರುವಿನಲ್ಲಿ ಮರೆಯಾಯಿತು. ಎರಡು ಬಕೆಟ್ ತುಂಬಿ ಬಟ್ಟೆ ಅದ್ದಿದೆ. ಕೈ ಮುಂದೆ ಹೋಗಲಿಲ್ಲ. ವರ್ಷಗಟ್ಟಲೆ ನೆಪ ಮಾಡಿಕೊಂಡಿದ್ದ ಮಾತನ್ನು ಆ ದಿನ ನಾನೇ ನಂಬಿಬಿಟ್ಟಿದ್ದೆ. ಒರೆಸದ ನೆಲಕ್ಕೆ ಮಗಳನ್ನು ಬಿಡುವಂತೆಯೂ ಇಲ್ಲ; ಮಧ್ಯಾಹ್ನದವರೆಗೂ ಸೊಂಟದ ಮೇಲೆ ಹೊತ್ತು ತಿರುಗಿದೆ. ಮೂರರ ಮೇಲೆ ಫೋನ್ ಬಂತು.

"ಮುಟ್ಟಿದೆ ಕಣೋ. ಒರೆಸಿದ್ಯಾ?"

"ಒರೆಸಿದೆ."

"ಸುಳ್ಳು. ಸೋಮಾರಿ ನೀನು, ನಂಗೊತ್ತಿಲ್ವಾ?" ಎಂದು ನಕ್ಕು ಫೋನ್ ಇಟ್ಟರು.

ಜನ್ಮದಲ್ಲಿ ಮೊದಲ ಸಲ ಸೋಮಾರಿ ಎಂಬ ಆರೋಪ ಸುಳ್ಳಾಗಿತ್ತು, ಆದರೆ ಹೇಳಿಕೊಳ್ಳುವ ಹಾಗಿರಲಿಲ್ಲ. ಮಗಳನ್ನು ತೊಟ್ಟಿಲಲ್ಲಿ ಕೂರಿಸಿ, ಬಟ್ಟೆ ಹಿಂಡಿ ಮಂಡಿಯೂರಿದೆ.