ದಿನಕ್ಕೆ ಮೂವರಿಗೆ ಮಾತ್ರ

ಸಂಕ್ರಾಂತಿ ದಾಟಿ ಬಿಸಿಲು ಚುರುಕಾಗತೊಡಗಿತ್ತು. ಬೈಲಹೊಂಗಲದ ಗಂಗಯ್ಯ ಸಾವಕಾರರ ಹತ್ತಿ ಬಿಡಿಸುವ ಜಿನ್ನಿನ ಮುಂದೆ ನಸುಕಿನಿಂದಲೇ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಅವುಗಳ ನಡುವೆ, ರೇಷ್ಮೆ ಧೋತರ ಎತ್ತಿ ಹಿಡಿದು, ಕೆಸರಿಗಿಳಿದ ಕೊಕ್ಕರೆಯಂತೆ ಹೆಜ್ಜೆ ಹಾಕುತ್ತ ಭಾರ್ಗವ ಬಂದ. ಅವತ್ತು ದೊಡವಾಡದಲ್ಲಿ, ಶಾಲೆಯ ಟೀಚರಾದ ಗೌತಮಿಯೊಂದಿಗೆ ಅವನ ಮದುವೆ ನಿಶ್ಚಯ. ತಂದೆ-ತಾಯಿ ಮುಂದೆ ಹೋಗಿದ್ದರು. ಅವನಿಗೆ ಮಾತ್ರ ರಜೆ ಸಿಕ್ಕಿರಲಿಲ್ಲ.

ರಜೆ ಕೊಡದಿದ್ದದ್ದು ಸಾವಕಾರರಲ್ಲ, ಮೊಬೈಲು. ಅದಕ್ಕೆ ಆ ಬುದ್ಧಿ ಕಲಿಸಿದವನೂ ಭಾರ್ಗವನೇ. ಆಳುಗಳ ಹಾಜರಿ, ರಜೆ ನೋಡಿಕೊಳ್ಳಲು ಸೇರಿದವನು ಬಂದ ಹೊಸದರಲ್ಲೇ ಪದ್ಧತಿ ಬದಲಿಸಿ ಎಲ್ಲವನ್ನೂ ಮೊಬೈಲಿಗೆ ಹಾಕಿದ್ದ. ದಿನಕ್ಕೆ ಮೂವರಿಗೆ ಮಾತ್ರ ರಜೆ, ಮೊದಲು ಒತ್ತಿದವರಿಗೆ ಮೊದಲು. ಯಾರಾದರೂ ಬಿಟ್ಟುಕೊಟ್ಟರೆ ಸರದಿಯಲ್ಲಿದ್ದವರಿಗೆ. ರಜೆಯಿಲ್ಲದೆ ಕೆಲಸ ತಪ್ಪಿಸಿದವನ ನೌಕರಿ ಕಾಯಂ ಆಗದು. ಭಾರ್ಗವನದೂ ಇನ್ನೂ ಕಾಯಂ ಆಗಿರಲಿಲ್ಲ. ಆಗುತ್ತದೆಂಬ ಮಾತಿನ ಮೇಲೆಯೇ ಹೆಣ್ಣಿನ ತಂದೆ ಒಪ್ಪಿದ್ದರು. ತನ್ನ ನಿಶ್ಚಯಕ್ಕೆ ತಾನೂ ರಜೆ ಕೇಳಬೇಕೆಂಬುದು ಅವನಿಗೆ ಹೊಳೆದದ್ದೇ ಅವತ್ತು ಬೆಳಿಗ್ಗೆ.

ಗೇಟಿನ ಬಳಿ ರಜೆ ಸಿಕ್ಕ ಮೂವರು ನಿಂತಿದ್ದರು: ಹೊಸ ರುಮಾಲಿನ ಕಾಡಪ್ಪ, ತೂಕ ಮಾಡುವ ಮಡಿವಾಳೆಪ್ಪ, ಇಳಕಲ್ ಸೀರೆಯುಟ್ಟ ಶೆಟ್ಟೆವ್ವ.

"ಎಲ್ಲಿಗೆ ಹೊಂಟೀರಿ?"

"ಎಲ್ಲಿಗಂದ್ರ? ನಿಮ್ಮ ನಿಶ್ಚಯಕ್ಕರೀ!" ಎಂದ ಕಾಡಪ್ಪ.

"ಒಬ್ಬರಾದ್ರೂ ರಜಾ ಬಿಡ್ರಿ. ನಾ ಹೋಗಬೇಕಾಗೇದ."

"ಹೆಂಗ ಬಿಡೂದ್ರಿ? ನಮ್ಮ ಮಗಳ ಮದವ್ಯಾಗ ರೊಕ್ಕದ ಮುಯ್ಯಿ ಮಾಡಿ ಹೋಗೀರಿ. ನಿಮ್ಮ ಕಾರ್ಯಕ್ಕ ಬಂದು ತೀರಸಬೇಕಲ್ರಿ," ಎಂದ ಕಾಡಪ್ಪ.

"ನಾನ ಇಲ್ಲದ ನಿಶ್ಚಯ ಹ್ಯಾಂಗ ಆಗತದ?"

"ನೀವು ಇಲ್ಲದಿದ್ರ ಹಿರೇರು ಅದಾರಲ್ರಿ," ಎಂದ ಮಡಿವಾಳೆಪ್ಪ. "ನಾವು ಹೋಗದಿದ್ರ ಮಂದಿ ಏನಂದಾರು?"

ಶೆಟ್ಟೆವ್ವ ತನ್ನ ಮೊಬೈಲು ಹೊರತೆಗೆದಳು. "ಮೊದಲ ಸಾವಕಾರ್ರ ಮುಂದ ನಿಂತು ಕೇಳತಿದ್ವಿ. ನಮ್ಮ ಮಾರಿ, ಕಣ್ಣು ನೋಡತಿದ್ರು, ಬೈತಿದ್ರು, ಬೈದರೂ ಕಳಸತಿದ್ರು. ಈ ಡಬ್ಬಿಗೆ ಮಾರಿ ಎಲ್ಲಿ ಕಾಣತೈತಿ, ತಮ್ಮಾ? ತಗೋ, ನನ್ನ ರಜಾ ಬಿಟ್ಟೆ."

ಅವಳು ಬಿಟ್ಟ ಕೂಡಲೇ ಭಾರ್ಗವ ಒತ್ತಿದ. ಸರದಿಯಲ್ಲಿ ಇನ್ನೊಬ್ಬರಿದ್ದಾರೆ ಎಂದಿತು ಮೊಬೈಲು. ಆ ಇನ್ನೊಬ್ಬರು ಬಿಳಿ ಕಾರಿನಿಂದ ತಲೆ ಹೊರಹಾಕಿದರು. ನಾಲ್ಕು ಜನಕ್ಕೆ ಮಾದರಿಯಾಗಲೆಂದು ತಮ್ಮ ಹೆಸರನ್ನೂ ಪದ್ಧತಿಗೆ ಸೇರಿಸಿದ್ದ ಗಂಗಯ್ಯ ಸಾವಕಾರರು.

"ಬಂತು ನೋಡ್ರಿ ನನ್ನ ರಜಾ! ಮಾಲಕಗೂ ಆಳಿಗೂ ಒಂದ ನಿಯಮ. ಎಷ್ಟ ಚಂದ ಮಾಡೀರಿ, ಭಾರ್ಗವರಾವ್!"

"ಸಾವಕಾರ್ರ, ನನ್ನ ನಿಶ್ಚಯ..."

"ಚಿಂತೀ ಬಿಡ್ರಿ. ಹುಡುಗ ಕೆಲಸ ಬಿಟ್ಟು ಕದಲೂದಿಲ್ಲಂತ ನಿಮ್ಮ ಮಾವಗ ನಾನ ಹೇಳತೇನಿ."

ಕಾಡಪ್ಪ, ಮಡಿವಾಳೆಪ್ಪರನ್ನು ಹತ್ತಿಸಿಕೊಂಡು ಕಾರು ಹೋಯಿತು.

ದಿನವಿಡೀ ಹಾರಿದ ಹತ್ತಿ ಮೆತ್ತಿಕೊಂಡು, ಇಳಿಹೊತ್ತಿಗೆ ಭಾರ್ಗವ ಹೊಲಿಗೆ ಬಿಚ್ಚಿದ ಗಾದಿಯಂತೆ ಕಾಣುತ್ತಿದ್ದ. ಶೆಟ್ಟೆವ್ವ ಯಾರದೋ ಬುತ್ತಿಯ ರೊಟ್ಟಿ ತಂದುಕೊಟ್ಟರೆ, ಅದನ್ನು ಕೈಯಲ್ಲಿ ಹಿಡಿದೇ ಗೇಟಿನತ್ತ ನೋಡುತ್ತ ಕುಳಿತ. ಹೋಳಿಗೆ ಡಬ್ಬಿಯೊಂದಿಗೆ ಕಾರು ಮರಳಿದಾಗ ಓಡಿದ.

"ಹುಡುಗಿ ಏನಂದಳು? ಸಿಟ್ಟಾಗ್ಯಾಳೇನು?"

ಕಾಡಪ್ಪ ಮಡಿವಾಳೆಪ್ಪನ ಮುಖ ನೋಡಿದ. "ಹುಡುಗಿ ಎಲ್ಲಿ ಬಂದಾಳ್ರಿ? ಆಕೀ ಸಾಲಿ ಟೀಚರ್‌ಗೋಳು ಮೂರ ಮಂದಿ ರಜಾ ಹಾಕಿ ಬಂದು ಉಂಡು ಹೋದ್ರು. ಆಕಿಗೆ ರಜಾ ಉಳೀಲಿಲ್ಲಂತ."

"ಸಾಲ್ಯಾಗೂ ಈ ಪದ್ಧತಿ ಬಂತೇನು?"

"ನಾನ ಕೊಟ್ಟೇನಿ," ಸಾವಕಾರರು ಎದೆಯುಬ್ಬಿಸಿದರು. "ಆ ಸಾಲಿ ಚೇರಮನ್ ನಮ್ಮ ಬೀಗ. ಭಾಳ ಖುಷ್ ಆಗ್ಯಾನ."

"ಮತ್ತ ನಿಶ್ಚಯ?"

"ಊಟ ಆತು. ನಿಶ್ಚಯ ಮುಂದಿನ ಸೋಮವಾರ."

ಭಾರ್ಗವ ಗಡಿಬಿಡಿಯಿಂದ ಸೋಮವಾರಕ್ಕೆ ಒತ್ತಿದ. ಮೂರೂ ರಜೆ ಮುಗಿದಿದ್ದವು. ತಲೆಯೆತ್ತಿದರೆ, ಕಾರಿನಿಂದಿಳಿದ ಮೂವರೂ ಮೊಬೈಲು ಕಿಸೆಗೆ ಇಳಿಸುತ್ತಿದ್ದರು.

"ಏನ್ ಮಾಡೂದ್ರಿ," ಎಂದ ಕಾಡಪ್ಪ, ಹೋಳಿಗೆ ಡಬ್ಬಿ ಅವನ ಕೈಗಿಡುತ್ತ. "ನಿಶ್ಚಯನ ಆಗಲಿಲ್ಲ. ನಿಮ್ಮ ಮುಯ್ಯಿ ಇನ್ನೂ ನನ್ನ ಮ್ಯಾಲೇ ಉಳೀತು."