ಮುಂಗಡ ವಂದನಾರ್ಪಣೆ

ಕೆಲವರ ಹಣೆಯಲ್ಲಿ ಅಧ್ಯಕ್ಷತೆ ಬರೆದಿರುತ್ತದೆ, ಕೆಲವರ ಹಣೆಯಲ್ಲಿ ಉದ್ಘಾಟನೆ. ನನ್ನ ಹಣೆಯಲ್ಲಿ ಬ್ರಹ್ಮ ಬರೆದದ್ದು ವಂದನಾರ್ಪಣೆ. ಶಾಲೆಯಲ್ಲಿದ್ದಾಗಿನಿಂದ ಇದೇ ಪಾಡು. ಮುಖ್ಯ ಭಾಷಣಕಾರರು ಮಾತಾಡುವಾಗ ಜನ ಕೂತಿರುತ್ತಾರೆ. ನಾನು ಎದ್ದಾಗ ಅವರೂ ಏಳುತ್ತಾರೆ, ತಿಂಡಿಗೆ. ಕುರ್ಚಿ ಮಡಚುವ ಸದ್ದಿನ ನಡುವೆ ಮೈಕಿನವರಿಗೆ, ಶಾಮಿಯಾನದವರಿಗೆ, ಶಾಂತಚಿತ್ತದಿಂದ ಆಲಿಸಿದ ಸಭಿಕರಿಗೆ ಎಂದು ನಾನು ವಂದಿಸುತ್ತಾ ಹೋಗುತ್ತೇನೆ. ಆಲಿಸಿದ ಸಭಿಕರು ಅಷ್ಟರಲ್ಲಿ ಕೈ ತೊಳೆಯುತ್ತಿರುತ್ತಾರೆ. ಅಭ್ಯಾಸಬಲ ಎಷ್ಟೆಂದರೆ, ಒಮ್ಮೆ ನಮ್ಮ ಅಪಾರ್ಟ್‌ಮೆಂಟಿನ ಹಿರಿಯರೊಬ್ಬರ ಶ್ರದ್ಧಾಂಜಲಿ ಸಭೆಯಲ್ಲಿ ‘ಈ ಕಾರ್ಯಕ್ರಮಕ್ಕೆ ಕಾರಣರಾದ ದಿವಂಗತರಿಗೂ’ ವಂದಿಸಿ ಬಂದವನು ನಾನು. ಅವರ ಮಗ ಇವತ್ತಿಗೂ ಲಿಫ್ಟಿನಲ್ಲಿ ನನ್ನನ್ನು ಕಂಡರೆ ಮೆಟ್ಟಿಲು ಹತ್ತುತ್ತಾನೆ.

ಇಂಥ ನನ್ನನ್ನು ನಮ್ಮ ಭಾಗದ ಸಾರಿಗೆ ಸಲಹಾ ಸಮಿತಿಗೆ ಹಾಕಿದರು. ನಮ್ಮದು ಪಟ್ಟಂದೂರು ಅಗ್ರಹಾರ. ರಸ್ತೆಗೂ ಬಸ್ಸಿಗೂ ಈ ವರ್ಷ ಬರುವ ದುಡ್ಡನ್ನು ಮೊದಲು ಯಾವುದಕ್ಕೆ ಖರ್ಚು ಮಾಡಬೇಕೆಂದು ನಾಗರಿಕರನ್ನೇ ಕೇಳುತ್ತಾರಂತೆ, ನಾವು ಹೇಳಬೇಕಂತೆ. ಹೇಳಿದ್ದನ್ನು ಕೇಳಲೇಬೇಕೆಂಬ ನಿಯಮ ಎಲ್ಲೂ ಇಲ್ಲ. ಆ ಮಟ್ಟಿಗೆ ನಮ್ಮ ಮನೆಯಲ್ಲಿ ನಾನು ಕೊಡುವ ಸಲಹೆಗೂ ಇದಕ್ಕೂ ವ್ಯತ್ಯಾಸವಿಲ್ಲ. ನಾನಾಗಿ ಹೋದವನಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾವ ಸಭೆಗೆ ಗೈರುಹಾಜರಾಗುತ್ತೇವೋ ಆ ಸಭೆಯಲ್ಲಿ ಆಯ್ಕೆಯಾಗುತ್ತೇವೆ. ಅವತ್ತು ನಾನು ಕಾರ್ಖಾನೆಯಿಂದ ಹೊರಟು ರಸ್ತೆಯಲ್ಲಿ ಸಿಕ್ಕಿಬಿದ್ದಿದ್ದೆ. ಮನೆ ತಲುಪುವಷ್ಟರಲ್ಲಿ ಸಾರಿಗೆ ತಜ್ಞನಾಗಿದ್ದೆ.

ಈ ಸುದ್ದಿ ಕೇಳಿ ಸಂತೋಷಪಟ್ಟವಳು ನನ್ನ ಹೆಂಡತಿ ಸರೋಜಾ ಒಬ್ಬಳೇ. ಅವಳು ಮಾರತ್ತಹಳ್ಳಿಯ ಕಡೆ ಒಂದು ಶಾಲೆಯಲ್ಲಿ ಟೀಚರು. ಬಸ್ಸು ಅವಳನ್ನು ಮುಖ್ಯರಸ್ತೆಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಮನೆಯವರೆಗೆ ಒಳರಸ್ತೆಯಲ್ಲಿ ನಡೆದೇ ಬರಬೇಕು. ಫುಟ್‌ಪಾತ್ ಇಲ್ಲವೆಂದಲ್ಲ. ಅದರ ಮೇಲೆ ಪಿಜಿ ಹುಡುಗರ ಬೈಕು, ಟ್ರಾನ್ಸ್‌ಫಾರ್ಮರು, ಎಳನೀರಿನ ರಾಶಿ, ಯಾರೋ ಬಿಟ್ಟುಹೋದ ಸೋಫಾ, ಎಲ್ಲ ಇವೆ. ಕಾಲಿಡಲು ಮಾತ್ರ ಜಾಗವಿಲ್ಲ. ನೀರಿನ ಟ್ಯಾಂಕರು ಎದುರಾದರೆ ಪಕ್ಕದ ಬೇಕರಿಯೊಳಗೆ ನುಗ್ಗಬೇಕು. ಎರಡೂ ಮಂಡಿ ಸವೆದಿವೆ ಎಂದು ಡಾಕ್ಟರು ಹೇಳಿದ ಮೇಲೆ, ಒಂದೋ ಬಸ್ಸು ಒಳಗೆ ಬರಬೇಕು, ಇಲ್ಲವೇ ತಾನು ಕೆಲಸ ಬಿಡಬೇಕು ಎಂಬಲ್ಲಿಗೆ ಅವಳು ಬಂದು ನಿಂತಿದ್ದಳು. ಮಕ್ಕಳಿಗೆ ಪಾಠ ಹೇಳುವುದೆಂದರೆ ಅವಳಿಗೆ ಪ್ರಾಣ. ಸಂಜೆ ಅವಳು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಪಾಠದ ತಯಾರಿ ಮಾಡುವುದನ್ನು ನೋಡಿದರೆ ನನಗೆ ನಿಜವಾಗಿಯೂ ಕರುಳು ಚುರುಕ್ ಎನ್ನುತ್ತದೆ.

“ರೀ, ಫ್ಲೈಓವರ್ ಗೀಓವರ್ ಎಲ್ಲಾ ಬೇರೆಯವ್ರು ಕೇಳ್ಕೋತಾರೆ. ನೀವು ಒಂದೇ ಒಂದು ಮಿನಿ ಬಸ್ ಕೇಳಿ ಸಾಕು. ಆದ್ರೆ ಬಾಯ್ಬಿಟ್ಟು ಕೇಳಿ,” ಎಂದಳು.

ಸಭೆ ಸೇರಿದ್ದು ಒಂದು ಸರ್ಕಾರಿ ಕಚೇರಿಯ ಮಹಡಿಯಲ್ಲಿ. ಸಭೆ ನಡೆಸಬೇಕಾದ ಸಾಹೇಬರೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಡವಾಗಿ ಬಂದರು. ಅದಕ್ಕೆ ನಗುವಷ್ಟು ಶಕ್ತಿ ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ. ಮೊದಲು ಒಬ್ಬ ಸಾಫ್ಟ್‌ವೇರಿನವರು ಗೋಡೆಯ ಮೇಲೆ ಬಣ್ಣಬಣ್ಣದ ನಕ್ಷೆ ಬಿಟ್ಟು ಮೇಲ್ಸೇತುವೆ ಬೇಕೆಂದರು. ನಕ್ಷೆಯಲ್ಲಿ ನಮ್ಮ ಅಗ್ರಹಾರ ಪೂರ್ತಿ ಆ ಸೇತುವೆಯ ಅಡಿಯಲ್ಲಿ ಮಾಯವಾಗಿತ್ತು. ಆಮೇಲೆ ಎದ್ದವರು ಮುನಿರಾಜಣ್ಣ. ಮೂಲ ಊರಿನವರು, ಮೊದಲು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಪಿಜಿ ಬೆಳೆಯುತ್ತಾರೆ.

“ಸಾ, ನಾ ಏಳೋದಿಷ್ಟೇ. ಫುಟ್‌ಪಾತ್ ಸರಿ ಮಾಡ್ಲಿ, ಬ್ಯಾಡ ಅನ್ನಲ್ಲ. ನಮ್ ಬಿಲ್ಡಿಂಗ್ ಮುಂದೆ ಮಾತ್ರ ಬ್ಯಾಡ. ಉಡುಗ್ರು ಗಾಡಿ ಎಲ್ ನಿಲ್ಲುಸ್ತಾರೆ? ಇಂಗೆ ಮಾಡುದ್ರೆ ನಾವ್ ಬಾಡಿಗೆ ಎಂಗ್ ಕೇಳಾದು?”

ಫುಟ್‌ಪಾತ್ ಬೇಕು, ಆದರೆ ಬೇರೆಯವರ ಮನೆ ಮುಂದೆ ಬೇಕು ಎಂಬ ಬಗ್ಗೆ ಸಭೆಯಲ್ಲಿ ಒಮ್ಮತ ಮೂಡಿತು. ನಾನು ಕೈ ಎತ್ತಿದೆ. ಸಾಹೇಬರು ನನ್ನತ್ತ ನೋಡಿ ನಕ್ಕರು. “ನಿಮ್ಮದು ಕೊನೇಲಿ ಇದ್ದೇ ಇದೆಯಲ್ಲ ಸಾರ್, ವಂದನಾರ್ಪಣೆ. ನಿಮ್ಮ ಕನ್ನಡ ಚೆನ್ನಾಗಿದೆ ಅಂತ ಎಲ್ಲಾ ಹೇಳ್ತಿದ್ರು.” ಎತ್ತಿದ ಕೈಯಿಂದ ತಲೆ ಕೆರೆದುಕೊಂಡು ಕೆಳಗಿಳಿಸಿದೆ. ಹೊಗಳಿದ ಕೂಡಲೇ ಬಾಯಿ ಕಟ್ಟಿಹೋಗುವ ಸ್ವಭಾವ ನನ್ನದು.

ಮೈಕು ನನ್ನ ಕೈಗೆ ಬರುವ ಹೊತ್ತಿಗೆ ಬೋಂಡಾದ ವಾಸನೆ ಮಹಡಿ ಹತ್ತಿತ್ತು. ಜನ ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಸರೋಜಾಳ ಮಂಡಿ ಕಣ್ಣ ಮುಂದೆ ಬಂತು. ಕೇಳಲು ಸಮಯವಿಲ್ಲ, ವಂದಿಸಲು ಮಾತ್ರ ಇದೆ. ಆಗ ಒಂದು ಉಪಾಯ ಹೊಳೆಯಿತು. ನಮ್ಮ ಕಡೆ ದೇವಸ್ಥಾನಕ್ಕೆ ಏನಾದರೂ ಕೊಡುತ್ತೇನೆಂದು ಹೇಳಿ ಮೀನಮೇಷ ಎಣಿಸುವ ದಾನಿಗಳಿದ್ದರೆ, ಅವರನ್ನು ವೇದಿಕೆಗೆ ಕರೆದು ಮೊದಲೇ ಶಾಲು ಹೊದಿಸಿಬಿಡುತ್ತಾರೆ. ಶಾಲು ಹೊದ್ದವನು ಆಮೇಲೆ ಜಾರಿಕೊಳ್ಳುವ ಹಾಗಿಲ್ಲ. ನಾನೂ ಅದನ್ನೇ ಮಾಡಿದೆ. “ನಮ್ಮ ಒಳರಸ್ತೆಗೆ ಮಿನಿ ಬಸ್ಸಿನ ವ್ಯವಸ್ಥೆ ಮಾಡಿಕೊಟ್ಟ ಸಾಹೇಬರಿಗೆ ಅಗ್ರಹಾರದ ಸಮಸ್ತ ನಾಗರಿಕರ ಪರವಾಗಿ ಹೃತ್ಪೂರ್ವಕ ವಂದನೆಗಳು” ಎಂದೆ. ಚಪ್ಪಾಳೆ ಬಿತ್ತು. ಸಾಹೇಬರು ಒಂದು ಕ್ಷಣ ತಬ್ಬಿಬ್ಬಾದರೂ ಎದ್ದು ಕೈಮುಗಿದರು. ಸಿಕ್ಕಿಬಿದ್ದರು ಎಂದುಕೊಂಡೆ.

ಮನೆಗೆ ಹೋಗಿ, “ಬಸ್ಸು ಬಂದಂಗೇ ತಿಳ್ಕೋ” ಎಂದೆ. ಮದುವೆಯಾದ ಹೊಸತರಲ್ಲಿ ನೋಡಿದ್ದ ಒಂದು ನೋಟವನ್ನು ಸರೋಜಾ ಮತ್ತೆ ನೋಡಿದಳು. ಅವತ್ತು ಕೇಸರಿಬಾತ್ ಆಯಿತು. ಮಾರನೆಯ ದಿನ ಹೆಡ್‌ಮಿಸ್ಸಿಗೆ ‘ಮುಂದಿನ ವರ್ಷವೂ ನಾನೇ ಬರ್ತೀನಿ’ ಎಂದು ಮಾತು ಕೊಟ್ಟಳು. ಹಿಂದಿನ ಬೀದಿಯ ಬಾಡಿಗೆ ಕೋಣೆಯಲ್ಲಿರುವ, ದಿನಾ ಅವಳ ಜತೆ ಬಸ್ಸಿಳಿದು ನಡೆದು ಬರುವ ಯಾದಗಿರಿಯ ಬಸಮ್ಮನಿಗೂ ಹೇಳಿದಳು. ಬಸಮ್ಮನಿಗೆ ಹೇಳಿದರೆ ಬೀದಿಗೆಲ್ಲ ಹೇಳಿದಂತೆ.

ಮುಂದಿನ ಸಭೆಯಲ್ಲಿ ಯಾವ ಕೆಲಸಗಳಿಗೆ ದುಡ್ಡು ಎಂದು ಸಾಹೇಬರು ಓದಿದರು. ಮೇಲ್ಸೇತುವೆಯ ಅಧ್ಯಯನ ಬಂತು, ಸಿಗ್ನಲ್ ಬಂತು, ಇನ್ನೇನೇನೋ ಬಂತು. ಬಸ್ಸು ಬರಲಿಲ್ಲ.

“ಸಾರ್, ನಮ್ಮ ಮಿನಿ ಬಸ್ಸು?” ಎಂದೆ.

“ಅದು ಆಗೋಯ್ತಲ್ಲ ಸಾರ್.”

“ಎಲ್ಲಾಯ್ತು? ಬಂದೇ ಇಲ್ಲ!”

“ನೀವೇ ಮೈಕಲ್ಲಿ ಥ್ಯಾಂಕ್ಸ್ ಹೇಳಿದ್ರಲ್ಲ! ಈಡೇರಿದ ಬೇಡಿಕೆ ಅಂತ ಮೇಲಕ್ಕೆ ಕಳಿಸಿಬಿಟ್ವಿ. ಆಗಿರೋ ಕೆಲಸಕ್ಕೆ ಮತ್ತೆ ದುಡ್ಡು ಇಟ್ರೆ ಆಡಿಟ್‌ನವರು ಬಿಡ್ತಾರಾ? ಮುಂದಿನ ವರ್ಷ ಹೊಸದಾಗಿ ಕೇಳಿ ಸಾರ್.”

ಅವರ ದನಿಯಲ್ಲಿ ಕುಹಕವಿರಲಿಲ್ಲ. ಪಾಪ, ಅವರೂ ನನ್ನಷ್ಟೇ ದಣಿದಿದ್ದರು. ಆ ಕುರ್ಚಿಯಲ್ಲಿ ಕೂತು ದಿನವಿಡೀ ಬೈಗುಳ ತಿನ್ನುವವರಿಗೆ ಅಪರೂಪಕ್ಕೊಂದು ಥ್ಯಾಂಕ್ಸ್ ಸಿಕ್ಕಿದರೆ ಭದ್ರವಾಗಿ ಎತ್ತಿಡದೆ ಇನ್ನೇನು ಮಾಡುತ್ತಾರೆ? ಪಕ್ಕದಲ್ಲಿದ್ದ ಮುನಿರಾಜಣ್ಣ ನನ್ನ ಬೆನ್ನು ತಟ್ಟಿ, “ಏನ್ ಸಾ ನೀವು, ಕೂಸ್ ಉಟ್ಟೋಕ್ ಮುಂಚೆ ಕುಲಾವಿ ಒಲ್ಸ್‌ಬುಟ್ರಲ್ಲ!” ಎಂದರು. ಅಷ್ಟರಲ್ಲಿ ಮೈಕು ಬಂತು. ಕೂಗಾಡಿಬಿಡಬೇಕೆಂದೇ ಎದ್ದೆ. ಬಾಯಿಂದ ಹೊರಟದ್ದು, “ಬಸ್ಸು ಏಕೆ ಬರುವುದಿಲ್ಲ ಎಂಬುದನ್ನು ಸವಿವರವಾಗಿ ತಿಳಿಸಿಕೊಟ್ಟ ಸಾಹೇಬರಿಗೆ…” ಎಂಬ ಮಾತು. ನಾಲಿಗೆಗೂ ಒಂದು ರೂಟು ಇರುತ್ತದೆ, ಅದು ಬೇರೆ ಕಡೆ ತಿರುಗುವುದಿಲ್ಲ.

ವಾಪಸು ಬರುವಾಗ ಮುಖ್ಯರಸ್ತೆಯ ತಿರುವಿನಲ್ಲಿ ಸರೋಜಾ, ಬಸಮ್ಮ ಇಬ್ಬರೂ ಆಗತಾನೆ ಬಸ್ಸಿಳಿದು ನಿಂತಿದ್ದರು. ನನ್ನನ್ನು ಕಂಡದ್ದೇ ಬಸಮ್ಮ ಎರಡೂ ಕೈ ಜೋಡಿಸಿದಳು. “ಸರ, ನಿಮ್ಮಿಂದ ಭಾಳ ಉಪಕಾರ ಆಯ್ತು ನೋಡ್ರಿ. ಇನ್ನ ಅಕ್ಕಾರಿಗೂ ನಮಗೂ ಈ ನಡಿಯೂದು ತಪ್ತದ.”

ಊರಿಗೆಲ್ಲ ವಂದಿಸಿದ ನನಗೆ ಯಾರಾದರೂ ವಂದಿಸಿದ್ದು ಅದೇ ಮೊದಲು. ಬಸ್ಸು ಬರುವುದಿಲ್ಲಮ್ಮ ಎನ್ನಬೇಕಿತ್ತು. “ಅಯ್ಯೋ, ಅದಕ್ಕೇನಂತೆ ಬಿಡಮ್ಮ” ಎಂದುಬಿಟ್ಟೆ.

ಸರೋಜಾ ನನ್ನ ಮುಖವನ್ನೇ ನೋಡಿದಳು. “ನಡೀರಿ” ಎಂದು ಮೆಲ್ಲಗೆ ಹೆಜ್ಜೆ ಹಾಕತೊಡಗಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳ ಹೆಗಲಿನ ಬ್ಯಾಗನ್ನು ನಾನೇ ತೆಗೆದುಕೊಂಡೆ. ಅದಕ್ಕೂ ಅವಳು ಥ್ಯಾಂಕ್ಸ್ ಹೇಳಲಿಲ್ಲ. ಹೇಳದಿದ್ದದ್ದೇ ಒಳ್ಳೆಯದಾಯಿತು, ಹೇಳಿದ್ದರೆ ಕೆಲಸ ಮುಗಿಯಿತೆಂದು ಅಲ್ಲೇ ಇಳಿಸಿಬಿಡುತ್ತಿದ್ದೆನೋ ಏನೋ.